ಮಂಗಳಯಾನ ನೇರವಾಗಿ ಹೊರಡಲಿಲ್ಲ ಏಕೆ?

2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನ ಹಾರಿತು. ಆದರೆ ಅದು ಭೂಮಿಯನ್ನು ಬಿಟ್ಟು ಮಂಗಳದ ದಾರಿ ಹಿಡಿದದ್ದು ಡಿಸೆಂಬರ್ 1ರಂದು. ನಡುವಿನ 25 ದಿನ ಅದು ಭೂಮಿಯನ್ನೇ ಸುತ್ತುತ್ತಿತ್ತು. ಹೋಗಬೇಕಾದದ್ದು ಮಂಗಳಕ್ಕೆ, ಸುತ್ತಿದ್ದು ಭೂಮಿಯನ್ನು! ಇದು ಕಾಲಹರಣವೇ? ಉತ್ತರ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ.

ಪಿಎಸ್‌ಎಲ್‌ವಿ ರಾಕೆಟ್‌ಗೆ ಈ ನೌಕೆಯನ್ನು ನೇರವಾಗಿ ಮಂಗಳದತ್ತ ಕಳುಹಿಸುವಷ್ಟು ಸಾಮರ್ಥ್ಯ ಇರಲಿಲ್ಲ. ಅದು ನೌಕೆಯನ್ನು ಭೂಮಿಯ ಸುತ್ತ ದೀರ್ಘವೃತ್ತದ ಕಕ್ಷೆಗೆ ಸೇರಿಸಿತು. ಆ ಕಕ್ಷೆಯಲ್ಲಿ ಭೂಮಿಗೆ ಅತಿ ಹತ್ತಿರದ ಬಿಂದು, ಅಂದರೆ ಪೆರಿಜಿ, ಸುಮಾರು 250 ಕಿ.ಮೀ. ಎತ್ತರದಲ್ಲಿತ್ತು. ಅತಿ ದೂರದ ಬಿಂದು, ಅಂದರೆ ಅಪೊಜಿ, ಸುಮಾರು 23,500 ಕಿ.ಮೀ. ದೂರದಲ್ಲಿತ್ತು. ಮುಂದಿನ ಕೆಲಸ ನೌಕೆಯ ಎಂಜಿನ್ನಿನದು. ಅದರ ಬಲ 440 ನ್ಯೂಟನ್ ಮಾತ್ರ. ನೆಲದ ಮೇಲೆ 45 ಕೆ.ಜಿ. ಮೂಟೆಯನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು. ನೌಕೆಯ 1,337 ಕೆ.ಜಿ.ಯಲ್ಲಿ ಸುಮಾರು 850 ಕೆ.ಜಿ. ಇಂಧನವೇ ಆಗಿತ್ತು. ಆ ಇಂಧನವನ್ನು ಎಲ್ಲಿ ಉರಿಸಬೇಕು ಎಂಬುದೇ ಮುಖ್ಯ ಪ್ರಶ್ನೆ.

ಕೆಪ್ಲರನ ಎರಡನೇ ನಿಯಮದಂತೆ ನೌಕೆ ಪೆರಿಜಿಯಲ್ಲಿ ಅತಿ ವೇಗವಾಗಿಯೂ ಅಪೊಜಿಯಲ್ಲಿ ಅತಿ ನಿಧಾನವಾಗಿಯೂ ಸಾಗುತ್ತದೆ. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿದೆ. ಸೆಕೆಂಡಿಗೆ 2 ಕಿ.ಮೀ. ವೇಗದಲ್ಲಿರುವಾಗ 100 ಮೀಟರ್ ವೇಗ ಹೆಚ್ಚಿಸಿದರೆ ಪ್ರತಿ ಕೆ.ಜಿ.ಗೆ ಸಿಗುವುದು 2,05,000 ಜೂಲ್. ಅದೇ 100 ಮೀಟರನ್ನು 10 ಕಿ.ಮೀ. ವೇಗದಲ್ಲಿರುವಾಗ ಸೇರಿಸಿದರೆ 10,05,000 ಜೂಲ್! ಇಂಧನ ಅಷ್ಟೇ, ಲಾಭ ಸುಮಾರು ಐದು ಪಟ್ಟು. ಈ ಹೆಚ್ಚಿನ ಶಕ್ತಿ ಬರುವುದು ನೌಕೆಯೊಡನೆ ಓಡುತ್ತಿದ್ದ ಇಂಧನದ ಚಲನಶಕ್ತಿಯಿಂದ. ಇದಕ್ಕೆ ಓಬರ್ತ್ ಪರಿಣಾಮ ಎಂದು ಹೆಸರು.

ಆದರೆ ನೌಕೆ ಪೆರಿಜಿಯನ್ನು ಬೇಗನೆ ದಾಟಿಬಿಡುತ್ತದೆ. ಅಷ್ಟರಲ್ಲಿ ಪುಟ್ಟ ಎಂಜಿನ್ ಸ್ವಲ್ಪವೇ ತಳ್ಳಬಲ್ಲದು. ಆದ್ದರಿಂದ ಒಮ್ಮೆ ತಳ್ಳುವುದು, ಸುತ್ತು ಹಾಕಿ ಬಂದು ಮತ್ತೆ ತಳ್ಳುವುದು. ಪ್ರತಿ ಬಾರಿಯೂ ಅಪೊಜಿ ಮೇಲೇರುತ್ತಾ ಹೋಯಿತು.

ಈ ಕ್ರಮ ಇನ್ನೊಂದು ರೀತಿಯಲ್ಲೂ ಕೈ ಹಿಡಿಯಿತು. ನವೆಂಬರ್ 11ರ ನಾಲ್ಕನೇ ತಳ್ಳುವಿಕೆಯಲ್ಲಿ ಸೆಕೆಂಡಿಗೆ 130 ಮೀಟರ್ ವೇಗ ಸೇರಬೇಕಿತ್ತು. ಸೇರಿದ್ದು 35 ಮಾತ್ರ. ಪರ್ಯಾಯ ವ್ಯವಸ್ಥೆಯ ಪರೀಕ್ಷೆಯ ವೇಳೆ ಎಂಜಿನ್ನಿಗೆ ಇಂಧನದ ಹರಿವು ನಿಂತಿತ್ತು. ಆದರೆ ನೌಕೆ ಭೂಮಿಯ ಸುತ್ತಲೇ ಇದ್ದುದರಿಂದ ಮರುದಿನವೇ ಕೊರತೆ ತುಂಬಿಸಲಾಯಿತು. ಅಪೊಜಿ 1,18,000 ಕಿ.ಮೀ. ದಾಟಿತು. ಒಂದೇ ಏಟಿಗೆ ಹೊರಟಿದ್ದರೆ ಇಂಥ ಎರಡನೇ ಅವಕಾಶ ಇರುತ್ತಿರಲಿಲ್ಲ.

ಡಿಸೆಂಬರ್ 1ರಂದು ಎಂಜಿನ್ ಸುಮಾರು 22 ನಿಮಿಷ ಉರಿದು ನೌಕೆಯನ್ನು ಭೂಮಿಯ ಹಿಡಿತದಿಂದ ಬಿಡಿಸಿತು. ಮುಂದಿನದು ಸೂರ್ಯನ ಸುತ್ತಲಿನ ದಾರಿ. ಇದಕ್ಕೆ ಅಡಿಪಾಯ ಜರ್ಮನ್ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲಿ ಪ್ರಕಟಿಸಿದ ಲೆಕ್ಕಾಚಾರ: ಒಂದು ತುದಿ ಭೂಮಿಯ ಕಕ್ಷೆಯನ್ನೂ ಇನ್ನೊಂದು ತುದಿ ಮಂಗಳದ ಕಕ್ಷೆಯನ್ನೂ ಮುಟ್ಟುವ ಅರ್ಧ ದೀರ್ಘವೃತ್ತ. ನೌಕೆ ತಲುಪುವ ಹೊತ್ತಿಗೆ ಮಂಗಳವೂ ಅಲ್ಲಿರಬೇಕು. ಹಾಗಾಗಿ ಇಂಥ ಪ್ರಯಾಣಕ್ಕೆ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಸಮಯ ಕೂಡಿಬರುತ್ತದೆ. 2014ರ ಸೆಪ್ಟೆಂಬರ್ 24ರಂದು ನೌಕೆ ವೇಗ ತಗ್ಗಿಸಿಕೊಂಡು ಮಂಗಳದ ಕಕ್ಷೆ ಸೇರಿತು. ಅದರ ಸಂಕೇತಗಳಿಗೆ ಬೆಂಗಳೂರಿನ ಸಮೀಪದ ಬ್ಯಾಲಾಳುವಿನ 32 ಮೀಟರ್ ಆಂಟೆನಾ ಕಿವಿಗೊಟ್ಟಿತ್ತು.

ನೀವೂ ಲೆಕ್ಕ ಮಾಡಿ ನೋಡಿ. ಸೂರ್ಯನಿಂದ ಭೂಮಿಯ ದೂರ 1 ಎಂದಾದರೆ ಮಂಗಳದ್ದು 1.52, ಸರಾಸರಿ 1.26. ಕೆಪ್ಲರನ ಮೂರನೇ ನಿಯಮ ಬಳಸಿ ಪೂರ್ಣ ಸುತ್ತಿನ ಕಾಲ ಕಂಡುಹಿಡಿದು ಅರ್ಧ ಮಾಡಿದರೆ ಸುಮಾರು 258 ದಿನ. ಮಂಗಳಯಾನಕ್ಕೆ ಹಿಡಿದದ್ದು ಹತ್ತಿರ ಹತ್ತಿರ 300 ದಿನ. ಗ್ರಹಗಳ ಕಕ್ಷೆಗಳು ಪೂರ್ಣ ವೃತ್ತವಲ್ಲ, ಒಂದೇ ಸಮತಲದಲ್ಲೂ ಇಲ್ಲ; ನಿಜವಾದ ದಾರಿ ಪುಸ್ತಕದ ದಾರಿಗಿಂತ ಸ್ವಲ್ಪ ಬೇರೆ. ಆದರೂ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಒಂದು ಸೂತ್ರ ನಮ್ಮನ್ನು ಮಂಗಳದ ಇಷ್ಟು ಸಮೀಪಕ್ಕೆ ಒಯ್ಯುತ್ತದೆ!