ಗಾಯಾಳುಗಳ ಡೇರೆಗೆ ನಮ್ಮ ಪಾಲು

ಕೋಲಾರದಲ್ಲಿ ನರ್ಸಿಂಗ್ ಕಲಿಯಲು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಮನೆಗಳಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. "ನರ್ಸ್ ಕೆಲಸವೇ?" ಎಂದು ಮುಖ ಸಿಂಡರಿಸುವ ಬಂಧುಗಳಿಗೂ ಕೊರತೆಯಿಲ್ಲ! ಅಂಥವರಿಗೆ ರುಫೈದಾ(ರ)ರ ಚರಿತ್ರೆಯನ್ನು ನೆನಪಿಸಬೇಕು. ಖಂದಕ್ ಯುದ್ಧದಲ್ಲಿ ಬಾಣ ತಗುಲಿದ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ರವರು ಮಸೀದಿಯಲ್ಲಿದ್ದ ಆಕೆಯ ಡೇರೆಯಲ್ಲೇ ಇರಿಸಿದರು.

ಯುದ್ಧಭೂಮಿಗೆ ವೈದ್ಯರನ್ನು ಕಳುಹಿಸುವುದರಲ್ಲಿ ಭಾರತದ ಮುಸ್ಲಿಮರೂ ಹಿಂದೆ ಬಿದ್ದವರಲ್ಲ. 1912ರ ಬಾಲ್ಕನ್ ಯುದ್ಧದಲ್ಲಿ ತುರ್ಕಿಯ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿದಾಗ ಮೌಲಾನಾ ಮುಹಮ್ಮದ್ ಅಲಿಯವರು ತಮ್ಮ ‘ಕಾಮ್ರೇಡ್’ ಪತ್ರಿಕೆಯ ಮೂಲಕ ನೆರವಿಗೆ ಕರೆಯಿತ್ತರು. ಜನರ ಚಂದಾ ಹಣದಿಂದ ಒಂದು ವೈದ್ಯಕೀಯ ತಂಡ ಸಿದ್ಧವಾಗಿ ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಹಡಗು ಹತ್ತಿತು. ಮುಖ್ಯಸ್ಥರು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ, ನಮ್ಮ ಪಕ್ಕದ ಮದ್ರಾಸಿನಲ್ಲಿ ವೈದ್ಯಕೀಯ ಓದಿದವರು. ವೈದ್ಯರ ಜೊತೆಗೆ ಅಲೀಗಢದ ಓದನ್ನು ಅರ್ಧಕ್ಕೆ ಬಿಟ್ಟು ಬಂದ ಯುವಕರೂ ಇದ್ದರು. ತಂಡ ಮರಳಿದ್ದು 1913ರ ಜುಲೈಯಲ್ಲಿ.

ಈಗ ಅಂಥ ಡೇರೆಗಳ ಮೇಲೂ ಗುಂಡು ಬೀಳುತ್ತದೆ. ಗಾಯಾಳುಗಳನ್ನೂ ಅವರ ಶುಶ್ರೂಷೆ ಮಾಡುವವರನ್ನೂ ಮುಟ್ಟಬಾರದೆಂಬುದು 1949ರ ಜಿನೀವಾ ಒಪ್ಪಂದಗಳ ನಿಯಮ. ಆದರೆ 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಝ್‌ನ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ನಡೆಸಿದ ದಾಳಿಯಲ್ಲಿ 42 ಮಂದಿ ಸತ್ತರು. 2018ರ ಜೂನ್ 1ರಂದು ಗಾಝಾದ ಗಡಿಬೇಲಿಯ ಬಳಿ ಬಿಳಿ ಕೋಟು ತೊಟ್ಟು ಸೇವೆಯಲ್ಲಿದ್ದ ರಝಾನ್ ಅಲ್‌ನಜ್ಜಾರ್ ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದಳು. ಅವಳ ಪ್ರಾಯ ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರದ್ದೇ.

ಸಹೋದರಿಯರೇ, ಚಂದಾ ಕೊಡುವಾಗ ಹಣ ಯಾವ ಸಂಸ್ಥೆಗೆ, ಯಾವ ಔಷಧಕ್ಕೆ ಹೋಗುತ್ತದೆಂದು ಕೇಳಿ, ರಸೀದಿ ಪಡೆಯಿರಿ. ಸಂಕೋಚ ಬೇಡ. ಪಿಯುಸಿ ಮುಗಿಸಿದ ಮಗಳು ನರ್ಸಿಂಗ್ ಅರ್ಜಿ ತಂದರೆ ಬಂಧುಗಳ ಒಪ್ಪಿಗೆಗೆ ಕಾಯದೆ ಸಹಿ ಹಾಕಿ.