ವ್ಯಾಯಾಮ ಮತ್ತು ಚಲನ ವಿಜ್ಞಾನದ ಪದವಿ ವ್ಯಾಸಂಗ: ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳು

ಬಸವನಗುಡಿಯ ಈಜುಕೊಳದಲ್ಲಿ ತರಬೇತಿ ಪಡೆಯುವ ಬಾಲಕರು, ಮಲ್ಲೇಶ್ವರದ ಸ್ಯಾಂಕಿ ಕೆರೆಯ ಬಳಿ ನಡಿಗೆ ಮಾಡುವ ಹಿರಿಯ ನಾಗರಿಕರು, ಪಾರ್ಶ್ವವಾಯುವಿನ ನಂತರ ಹೆಜ್ಜೆಯಿಡಲು ಮರಳಿ ಕಲಿಯುತ್ತಿರುವ ರೋಗಿಗಳು, ಇವರೆಲ್ಲರಿಗೂ ಉಪಯುಕ್ತವಾದ ಶಾಸ್ತ್ರವೇ ವ್ಯಾಯಾಮ ಮತ್ತು ಚಲನ ವಿಜ್ಞಾನ. ಹಿಂದೆ ಈ ಜ್ಞಾನವು ನಗರದ ಗರಡಿಮನೆಗಳಲ್ಲಿ ಹಾಗೂ ಪ್ರೊ. ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆಯಂತಹ ಸಂಸ್ಥೆಗಳಲ್ಲಿ ಅನುಭವದಿಂದ ದೊರೆಯುತ್ತಿತ್ತು. ಈಗ ಇದು ವಿಶ್ವವಿದ್ಯಾಲಯಗಳ ಪದವಿ ವ್ಯಾಸಂಗದ ವಿಷಯವಾಗಿದೆ.

ಈ ಕ್ಷೇತ್ರದ ಪದವಿಗಳ ಹೆಸರುಗಳು ಒಂದನ್ನೊಂದು ಹೋಲುತ್ತವೆ. ಆದರೆ ಅವುಗಳಿಂದ ದೊರೆಯುವ ವೃತ್ತಿಯ ಹಕ್ಕು ಒಂದೇ ಅಲ್ಲ. ಇದನ್ನು ಅರಿಯದೆ ಪ್ರವೇಶ ಪಡೆದಲ್ಲಿ, ವ್ಯಾಸಂಗ ಮುಗಿದ ನಂತರ ಬಯಸಿದ ಉದ್ಯೋಗಕ್ಕೆ ಅರ್ಹತೆ ಇಲ್ಲದೆ ಹೋಗಬಹುದು. ಆದ್ದರಿಂದ ಅಭ್ಯರ್ಥಿಗಳು ಮತ್ತು ಪೋಷಕರು ಈ ಕೆಳಗಿನ ವಿವರಗಳನ್ನು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ.

ವ್ಯಾಸಂಗದ ವಿಷಯಗಳು

ಅಂಗರಚನಾಶಾಸ್ತ್ರ, ಅಂಗಕ್ರಿಯಾಶಾಸ್ತ್ರ, ವ್ಯಾಯಾಮದ ಶರೀರಕ್ರಿಯೆ ಮತ್ತು ಬಯೋಮೆಕ್ಯಾನಿಕ್ಸ್ ಇದರ ಮುಖ್ಯ ವಿಷಯಗಳು. ಉದಾಹರಣೆಗೆ, ಮೆಟ್ಟಿಲು ಹತ್ತುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ತೊಡೆಯ ಸ್ನಾಯು ದುರ್ಬಲವಾಗಿದ್ದರೆ ಆ ಭಾರವನ್ನು ತಡೆಯುವುದು ಮಂಡಿಗೆ ಕಷ್ಟವಾಗುತ್ತದೆ. ಯಾವ ಸ್ನಾಯುವಿಗೆ, ಯಾವ ಕ್ರಮದಲ್ಲಿ, ಎಷ್ಟು ವ್ಯಾಯಾಮ ನೀಡಬೇಕೆಂಬುದನ್ನು ಅಳತೆಯ ಆಧಾರದ ಮೇಲೆ ನಿರ್ಧರಿಸಲು ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತದೆ.

ಮೂರು ಪ್ರಮುಖ ಮಾರ್ಗಗಳು

1. ಫಿಸಿಯೋಥೆರಪಿ ಪದವಿ (ಬಿ.ಪಿ.ಟಿ.): ಇದು ಚಿಕಿತ್ಸೆಗೆ ಸಂಬಂಧಿಸಿದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿರುವುದು ಅವಶ್ಯಕ. ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಬಹುತೇಕ ಕಾಲೇಜುಗಳು ಜಯನಗರದಲ್ಲಿ ಕಚೇರಿ ಹೊಂದಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಬಸವನಗುಡಿಗೆ ಹೊಂದಿಕೊಂಡ ವಿ.ವಿ. ಪುರದ ಕೆಂಪೇಗೌಡ ಫಿಸಿಯೋಥೆರಪಿ ಸಂಸ್ಥೆಯು ಇವುಗಳಲ್ಲೊಂದು. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಈ ವೃತ್ತಿಗೆ ಅನ್ವಯಿಸುತ್ತದೆ ಹಾಗೂ ವೃತ್ತಿನಿರತರ ನೋಂದಣಿಗೆ ಅವಕಾಶ ಕಲ್ಪಿಸಿದೆ.

2. ದೈಹಿಕ ಶಿಕ್ಷಣ ಪದವಿ (ಬಿ.ಪಿ.ಇಡಿ.): ಇದು ಬೋಧನೆಗೆ ಸಂಬಂಧಿಸಿದ್ದು. ಯಾವುದೇ ಪದವಿಯ ನಂತರ ಓದಬಹುದಾದ 2 ವರ್ಷಗಳ ಕೋರ್ಸು ಇದಾಗಿದ್ದು, ವಾಣಿಜ್ಯ ಅಥವಾ ಕಲಾ ಪದವೀಧರರಿಗೂ ಅವಕಾಶವಿದೆ. ಅಂಕಗಳ ಜೊತೆಗೆ ಕ್ರೀಡೆಯಲ್ಲಿ ಭಾಗವಹಿಸಿದ ದಾಖಲೆಯನ್ನೂ ಪರಿಗಣಿಸಲಾಗುತ್ತದೆ. ಸಂಸ್ಥೆಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್.ಸಿ.ಟಿ.ಇ.) ಮಾನ್ಯತೆ ಇರತಕ್ಕದ್ದು. ಪದವಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಸ್ನಾತಕೋತ್ತರ ಪದವಿ ಹಾಗೂ ನೆಟ್ ಅಥವಾ ಕೆ-ಸೆಟ್ ಅರ್ಹತೆ ಸಹ ಬೇಕಾಗುತ್ತದೆ.

3. ಕ್ರೀಡಾ ವಿಜ್ಞಾನದ ಪದವಿಗಳು (ಬಿ.ಪಿ.ಇ.ಎಸ್., ಬಿ.ಎಸ್‌ಸಿ. ಇತ್ಯಾದಿ): ಇವು ಕ್ರೀಡಾಪಟುಗಳ ಸಾಮರ್ಥ್ಯವನ್ನು ಅಳೆಯುವ ಹಾಗೂ ತರಬೇತಿ ನೀಡುವ ಕೆಲಸಕ್ಕೆ ಉಪಯುಕ್ತವಾಗಿವೆ. ಆದರೆ ಕೇವಲ ಈ ಪದವಿಯಿಂದ ಫಿಸಿಯೋಥೆರಪಿ ಚಿಕಿತ್ಸೆ ನೀಡುವ ಹಕ್ಕಾಗಲಿ, ಶಾಲಾ ದೈಹಿಕ ಶಿಕ್ಷಕರ ಹುದ್ದೆಯ ಅರ್ಹತೆಯಾಗಲಿ ತಾನಾಗಿಯೇ ಲಭಿಸುವುದಿಲ್ಲ. ಕ್ರೀಡಾ ತರಬೇತುದಾರರಾಗಲು ಬಯಸುವವರು ಭಾರತೀಯ ಕ್ರೀಡಾ ಪ್ರಾಧಿಕಾರದ ಡಿಪ್ಲೊಮಾ ಕೋರ್ಸುಗಳನ್ನೂ ಪರಿಶೀಲಿಸಬಹುದು. ಪ್ರಾಧಿಕಾರದ ದಕ್ಷಿಣ ಕೇಂದ್ರವು ಬೆಂಗಳೂರಿನ ಜ್ಞಾನಭಾರತಿ ಆವರಣದ ಬಳಿ ಇದೆ.

ಪ್ರವೇಶ ಮತ್ತು ದಾಖಲೆಗಳು

ಬಿ.ಪಿ.ಟಿ. ಕೋರ್ಸಿನ ಸರ್ಕಾರಿ ಕೋಟಾದ ಸೀಟುಗಳಿಗೆ ಸಂಬಂಧಿಸಿದಂತೆ ಮಲ್ಲೇಶ್ವರದ ಸಂಪಿಗೆ ರಸ್ತೆ, 18ನೇ ಅಡ್ಡರಸ್ತೆಯಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆ.ಇ.ಎ.) ಪ್ರಕಟಣೆಗಳನ್ನು ಗಮನಿಸತಕ್ಕದ್ದು. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ, ನೀಟ್ ಅರ್ಹತೆ ಬೇಕೇ ಎಂಬುದನ್ನೂ ಕೋರ್ಸಿನ ಅವಧಿಯನ್ನೂ ಆಯಾ ಸಾಲಿನ ಅಧಿಸೂಚನೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಮೀಸಲಾತಿ ಕೋರುವವರು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು.

ವಿಶೇಷ ಸೂಚನೆಗಳು

ಅ) ಹತ್ತನೇ ತರಗತಿಯ ನಂತರ ಜೀವಶಾಸ್ತ್ರವನ್ನು ಕೈಬಿಟ್ಟವರಿಗೆ ಬಿ.ಪಿ.ಟಿ. ಮಾರ್ಗ ಮುಚ್ಚಿದಂತಾಗುತ್ತದೆ. ಪಿ.ಯು.ಸಿ. ವಿಷಯಗಳನ್ನು ಆಯ್ಕೆ ಮಾಡುವಾಗಲೇ ಈ ಬಗ್ಗೆ ಯೋಚಿಸತಕ್ಕದ್ದು.

ಆ) ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಫಿಸಿಯೋಥೆರಪಿ ಪದವಿ ನೀಡಲು ಯು.ಜಿ.ಸಿ. ನಿಯಮಗಳಲ್ಲಿ ಅವಕಾಶವಿಲ್ಲ. ಇಂತಹ ಜಾಹೀರಾತುಗಳನ್ನು ನಂಬಿ ಹಣ ಪಾವತಿಸಬಾರದು.

ಇ) ಜಿಮ್ ತರಬೇತುದಾರರಿಗೆ ಖಾಸಗಿ ಸಂಸ್ಥೆಗಳು ನೀಡುವ ಅಲ್ಪಾವಧಿ ಪ್ರಮಾಣಪತ್ರಗಳು ಪದವಿಗೆ ಸಮಾನವಲ್ಲ.

ಈ) ಶುಲ್ಕ ಪಾವತಿಸುವ ಮುನ್ನ ಕಾಲೇಜಿನ ಆ ಸಾಲಿನ ಸಂಯೋಜನೆ ಮತ್ತು ಮಾನ್ಯತೆಯನ್ನು ಸಂಬಂಧಪಟ್ಟ ವಿಶ್ವವಿದ್ಯಾಲಯದಲ್ಲಿ ಪರಿಶೀಲಿಸಿ, ಶುಲ್ಕದ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು.

ಚಿಕಿತ್ಸೆ ನೀಡುವುದು, ಬೋಧಿಸುವುದು, ತರಬೇತಿ ಕೊಡುವುದು, ಈ ಮೂರರಲ್ಲಿ ತಮ್ಮ ಗುರಿ ಯಾವುದೆಂಬುದನ್ನು ಅಭ್ಯರ್ಥಿಯು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಪದವಿಗೆ ಅರ್ಜಿ ಸಲ್ಲಿಸುವುದು ಕ್ಷೇಮಕರ.