ಮನೆಯ ಕಂಪ್ಯೂಟರಿನ ಕಾವಲು

ಮನೆಯ ಕಂಪ್ಯೂಟರಿನೊಳಕ್ಕೆ ಹೊರಗಿನವರು ನುಗ್ಗುವ ದಾರಿಗಳು ಮುಖ್ಯವಾಗಿ ಮೂರು. ತಂತ್ರಾಂಶದಲ್ಲಿ ಉಳಿದುಹೋದ ದೋಷ ಒಂದು. ಬಳಸುವವರನ್ನು ನಂಬಿಸಿ ಅವರ ಕೈಯಿಂದಲೇ ಬಾಗಿಲು ತೆಗೆಸುವುದು ಇನ್ನೊಂದು. ಕದ್ದ ಇಲ್ಲವೇ ಊಹಿಸಿದ ಪಾಸ್‌ವರ್ಡ್ ಮತ್ತೊಂದು. ಹೀಗೆ ಒಳಸೇರಿ ಕೇಡು ಮಾಡಲೆಂದೇ ಬರೆದ ಪ್ರೋಗ್ರಾಂಗಳಿಗೆ ಒಟ್ಟಾಗಿ ಕುತಂತ್ರಾಂಶ ಎಂದು ಹೆಸರು. ಆಡುಮಾತಿನಲ್ಲಿ ಎಲ್ಲವೂ ವೈರಸ್ಸೇ ಆದರೂ ಅವುಗಳಲ್ಲಿ ವ್ಯತ್ಯಾಸವಿದೆ. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು, ಅದನ್ನು ಯಾರಾದರೂ ತೆರೆದಾಗ ಹರಡುತ್ತದೆ. ವರ್ಮ್ ಹರಡಲು ಸಾಮಾನ್ಯವಾಗಿ ಯಾರೂ ಏನನ್ನೂ ತೆರೆಯಬೇಕಿಲ್ಲ, ಅದು ನೆಟ್‌ವರ್ಕಿನಲ್ಲಿ ತಾನೇ ಹರಿದು ಮುಂದಿನ ಕಂಪ್ಯೂಟರನ್ನು ಹುಡುಕಿಕೊಳ್ಳುತ್ತದೆ. ಟ್ರೋಜನ್ ಉಪಯುಕ್ತ ತಂತ್ರಾಂಶದ ವೇಷದಲ್ಲಿ ಬರುತ್ತದೆ. ರ್‍ಯಾನ್ಸಮ್‌ವೇರ್ ಫೈಲುಗಳಿಗೆ ಬೀಗ ಜಡಿದು ಕೀಲಿಗೆ ಹಣ ಕೇಳುತ್ತದೆ.

ಐಬಿಎಂ ಪಿಸಿಗಳಿಗೆ ತಗಲಿದ ಮೊದಲ ವೈರಸ್ ಎನ್ನಲಾಗುವ ‘ಬ್ರೇನ್’ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿದ್ದ ಅದರೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರು ಎಲ್ಲವೂ ಇತ್ತು. ಈಗ ಕುತಂತ್ರಾಂಶ ಬರೆಯುವವರು ಹೆಸರು ಹೇಳುವುದಿಲ್ಲ, ಏಕೆಂದರೆ ಅದು ಹಣದ ದಂಧೆಯಾಗಿ ಬೆಳೆದಿದೆ. ‘ನಮ್ಮ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ?’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಆ ಲೆಕ್ಕ ತಪ್ಪು. ಮನೆ ನೋಡಿ ಕನ್ನ ಹಾಕುವ ಕಳ್ಳರು ಇಲ್ಲಿ ಕಡಿಮೆ. ಇಂಟರ್‌ನೆಟ್‌ನ ವಿಳಾಸಗಳನ್ನು ಒಂದಾದ ಮೇಲೊಂದರಂತೆ ತಟ್ಟಿ ನೋಡುವ ಕೆಲಸವನ್ನು ಪ್ರೋಗ್ರಾಂಗಳೇ ಹಗಲಿರುಳು ಮಾಡುತ್ತವೆ. ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕ್ ಪಾಸ್‌ವರ್ಡ್, ಸ್ಕ್ಯಾನ್ ಮಾಡಿಟ್ಟ ಆಧಾರ್ ಕಾರ್ಡು, ವರ್ಷಗಳಿಂದ ಕೂಡಿಟ್ಟ ಫೋಟೊಗಳು ಎಲ್ಲಕ್ಕೂ ಬೆಲೆಯಿದೆ. ಏನೂ ಇಲ್ಲದ ಕಂಪ್ಯೂಟರ್ ಕೂಡ ಬೇರೆಯವರ ಮೇಲಿನ ದಾಳಿಗೆ ಆಳಾಗಿ ಒದಗುತ್ತದೆ. ಹೀಗೆ ಪರರ ಅಧೀನವಾದ ಯಂತ್ರಗಳ ಹಿಂಡಿಗೆ ಬಾಟ್‌ನೆಟ್ ಎನ್ನುತ್ತಾರೆ.

ತಂತ್ರಾಂಶದ ದೋಷಗಳ ಚರಿತ್ರೆಯನ್ನು ನೋಡಿದರೆ, ದೊಡ್ಡ ಹಾವಳಿಗಳಲ್ಲಿ ಅನೇಕಕ್ಕೆ ಮದ್ದು ಮೊದಲೇ ಬಂದಿತ್ತು ಎಂಬುದು ಎದ್ದುಕಾಣುತ್ತದೆ. 2003ರ ಜುಲೈ 16ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಬಿಡುಗಡೆ ಮಾಡಿತು. ಅದೇ ದೋಷದೊಳಗೆ ತೂರುವ ‘ಬ್ಲಾಸ್ಟರ್’ ವರ್ಮ್ ಆಗಸ್ಟ್ 11ರಂದು ಕಾಣಿಸಿಕೊಂಡಿತು. ನಡುವೆ 26 ದಿನಗಳ ಅವಕಾಶವಿತ್ತು. ತೇಪೆ ಹಾಕಿಸಿಕೊಳ್ಳದ ಕಂಪ್ಯೂಟರುಗಳ ಪರದೆಯ ಮೇಲೆ 60 ಸೆಕೆಂಡುಗಳ ಇಳಿಯೆಣಿಕೆ ಶುರುವಾಗಿ, ಯಂತ್ರ ತಾನಾಗಿ ನಿಂತು ಮತ್ತೆ ಚಾಲೂ ಆಗುತ್ತಿತ್ತು. 2017ರಲ್ಲೂ ಹೀಗೇ ಆಯಿತು. ಮಾರ್ಚ್ 14ರಂದು ತೇಪೆ ಬಂತು, ಮೇ 12ರಂದು ‘ವಾನ್ನಾಕ್ರೈ’ ರ್‍ಯಾನ್ಸಮ್‌ವೇರ್ ಹರಡಿತು. 59 ದಿನ ಕಳೆದಿದ್ದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಕೈಕೊಟ್ಟವು.

ತೇಪೆ ಹೊರಬಿದ್ದ ಮೇಲೆ ಅಪಾಯ ಕಡಿಮೆಯಾಗಬೇಕಲ್ಲವೇ? ಹಾಕಿಕೊಂಡವರಿಗೆ ಕಡಿಮೆಯಾಗುತ್ತದೆ, ಉಳಿದವರಿಗೆ ಹೆಚ್ಚುತ್ತದೆ. ತೇಪೆಯ ಮುಂಚಿನ ಮತ್ತು ನಂತರದ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ತೂತು ಎಲ್ಲಿತ್ತು ಎಂಬುದು ಬಲ್ಲವರಿಗೆ ತಿಳಿದುಹೋಗುತ್ತದೆ. ಅಪ್‌ಡೇಟ್ ಬಂದಾಗಲೆಲ್ಲ ‘ಆಮೇಲೆ ನೆನಪಿಸು’ ಎಂದು ಒತ್ತುವುದು ಆ ಕಾರಣಕ್ಕೇ ದುಬಾರಿ ಅಭ್ಯಾಸ. ಆಪರೇಟಿಂಗ್ ಸಿಸ್ಟಂ, ಬ್ರೌಸರ್, ಪಿಡಿಎಫ್ ಓದುವ ತಂತ್ರಾಂಶ, ಆಫೀಸ್ ತಂತ್ರಾಂಶ, ಇವೆಲ್ಲ ತಾವಾಗಿಯೇ ಅಪ್‌ಡೇಟ್ ಆಗುವಂತೆ ಬಿಡುವುದು ಮನೆಯ ಕಾವಲಿನಲ್ಲಿ ಅತ್ಯಂತ ಫಲ ಕೊಡುವ ಕೆಲಸ. ಇದಕ್ಕೆ ಖರ್ಚೂ ಇಲ್ಲ.

ತಯಾರಕರು ತೇಪೆ ಕೊಡುವುದನ್ನೇ ನಿಲ್ಲಿಸುವ ದಿನವೂ ಬರುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಹೊಸ ವಿಂಡೋಸ್ ಹಿಡಿಸದ ಹಳೆಯ ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಕೊಂಡರೆ ತೇಪೆಗಳು ಮತ್ತೆ ಬರತೊಡಗುತ್ತವೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಅಂಗಡಿಯವರೇ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುವುದುಂಟು. ಇಂಥ ಕ್ರ್ಯಾಕ್‌ಗಳು ಕೆಲಸ ಮಾಡಲು ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಹೇಳುವುದೇ ಸಾಮಾನ್ಯ. ಕಾವಲುಗಾರನನ್ನು ಮಲಗಿಸಿ ಗುರುತಿಲ್ಲದವರನ್ನು ಒಳಗೆ ಬಿಟ್ಟ ಮೇಲೆ ಬೇರೆ ಯಾವ ಎಚ್ಚರಿಕೆಯೂ ಉಳಿಯುವುದಿಲ್ಲ.

ವರ್ಮ್‌ಗಳನ್ನು ತಡೆಯುವ ಎರಡನೆಯ ಗೋಡೆ ಫೈರ್‌ವಾಲ್. ಹೊರಗಿನಿಂದ ಕರೆಯದೆ ಬಂದ ಸಂಪರ್ಕಗಳನ್ನು ಅದು ನಿರಾಕರಿಸುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇದ್ದರೂ ಮೊದಲಿಗೆ ಅದು ಆಫ್ ಆಗಿಯೇ ಇರುತ್ತಿತ್ತು. ಬ್ಲಾಸ್ಟರ್ ಹಾವಳಿಯ ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಅದನ್ನು ಆನ್ ಮಾಡಿಟ್ಟಿತು. ಅಂದಿನಿಂದ ಅದು ಹಾಗೇ ಇದೆ, ಬಳಸುವವರು ಕೈಹಾಕದಿದ್ದರೆ ಸಾಕು. ಮನೆಯ ವೈಫೈ ರೌಟರ್ ಕೂಡ ಹೀಗೆಯೇ ಹೊರಗಿನ ತಟ್ಟುವಿಕೆಯನ್ನು ಕಂಪ್ಯೂಟರಿನವರೆಗೆ ಬಿಡುವುದಿಲ್ಲ. ಆದರೆ ರೌಟರೂ ಒಂದು ಕಂಪ್ಯೂಟರೇ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. 2016ರ ‘ಮಿರಾಯ್’ ಕುತಂತ್ರಾಂಶ ರೌಟರುಗಳನ್ನೂ ಸಿಸಿಟಿವಿ ಕ್ಯಾಮೆರಾಗಳನ್ನೂ ವಶ ಮಾಡಿಕೊಂಡದ್ದು ಯಾವ ಜಾಣ್ಮೆಯಿಂದಲೂ ಅಲ್ಲ. ಕಾರ್ಖಾನೆಯಿಂದ ಬರುವಾಗಲೇ ಇರುವ ‘ಅಡ್ಮಿನ್’ ಮಾದರಿಯ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಅದು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಆದ್ದರಿಂದ ರೌಟರ್ ಅಳವಡಿಸಿದ ದಿನವೇ ಅದರ ಒಳಗಿನ ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಬೇಕು. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ವೈಫೈ ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಬೇಕು.

ಇಷ್ಟೆಲ್ಲ ಗಟ್ಟಿ ಮಾಡಿದರೂ ಒಳಗಿನವರೇ ಚಿಲಕ ತೆಗೆದರೆ ಗೋಡೆ ಏನು ಮಾಡೀತು? 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟು ಜಗತ್ತನ್ನೇ ಸುತ್ತಿದ ‘ಐ ಲವ್ ಯೂ’ ವರ್ಮ್ ಪ್ರೇಮಪತ್ರದ ಹೆಸರಿನ ಇಮೇಲ್ ಲಗತ್ತಾಗಿ ಬಂತು. ಫೈಲಿನ ಹೆಸರು ‘ಟಿಎಕ್ಸ್‌ಟಿ’ ಎಂದು ಮುಗಿದಂತೆ ಕಾಣುತ್ತಿತ್ತು, ಅಂದರೆ ಬರಿಯ ಬರಹ. ಅದರ ಮುಂದೆ ‘ವಿಬಿಎಸ್’ ಎಂಬ ನಿಜವಾದ ಬಾಲವೊಂದಿತ್ತು, ಅಂದರೆ ಪ್ರೋಗ್ರಾಂ. ಪರಿಚಿತ ಫೈಲುಗಳ ಬಾಲವನ್ನು ವಿಂಡೋಸ್ ಬಚ್ಚಿಡುವುದರಿಂದ ಅದು ಹೆಚ್ಚಿನವರಿಗೆ ಕಾಣಲಿಲ್ಲ. ಈಗಲೂ ವಿಂಡೋಸ್ ಹಾಗೇ ಬಚ್ಚಿಡುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಒತ್ತಿಟ್ಟುಕೊಂಡರೆ, ಬಿಲ್ಲು ಅಥವಾ ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದ ಫೈಲು ‘ಇಎಕ್ಸ್‌ಇ’ ಎಂದು ಮುಗಿಯುವುದು ಕಣ್ಣಿಗೆ ಬೀಳುತ್ತದೆ. ಇಮೇಲಿನಲ್ಲಿ ಬಂದ ವರ್ಡ್ ಅಥವಾ ಎಕ್ಸೆಲ್ ಫೈಲು ಮ್ಯಾಕ್ರೋ, ಅಂದರೆ ತನ್ನೊಳಗಿನ ಪ್ರೋಗ್ರಾಂ, ಚಾಲೂ ಮಾಡಲು ಕೇಳಿದರೆ ಒಪ್ಪಬಾರದು.

ಕರ್ನಾಟಕದ ಊರುಗಳಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಿಗೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿ, ಪ್ರಾಜೆಕ್ಟ್ ವರದಿಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವ ರೂಢಿಯಿದೆ. ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಆ ಕಂಪ್ಯೂಟರಿಂದ ಹಿಂದಿರುಗಿದಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುವುದುಂಟು. ಅಸಲು ಫೋಲ್ಡರುಗಳು ಅಡಗಿರುತ್ತವೆ. ಕಾಣುವ ಶಾರ್ಟ್‌ಕಟ್ ಒತ್ತಿದರೆ ವೈರಸ್ ಮನೆಯ ಕಂಪ್ಯೂಟರಿಗೂ ಇಳಿಯುತ್ತದೆ. ಮುದ್ರಣಕ್ಕೆ ಬೇಕಾದ ಒಂದೇ ಫೈಲನ್ನು ಪಿಡಿಎಫ್ ಮಾಡಿ ಬೇರೆ ಪೆನ್‌ಡ್ರೈವ್‌ನಲ್ಲಿ ಒಯ್ದು, ಬಂದ ಮೇಲೆ ತೆರೆಯುವ ಮೊದಲು ಸ್ಕ್ಯಾನ್ ಮಾಡುವುದು ಒಳ್ಳೆಯದು.

ಇನ್ನೊಂದು ಮೋಸ ಪರದೆ ತುಂಬ ಕೆಂಪು ಎಚ್ಚರಿಕೆ ತೋರಿಸಿ, ಒಂದು ನಂಬರಿಗೆ ಕರೆ ಮಾಡಿ ಎನ್ನುತ್ತದೆ. ಕರೆ ಮಾಡಿದರೆ ಆ ಕಡೆಯವರು ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸುತ್ತಾರೆ. ಹೀಗೆ ಫೋನ್ ನಂಬರು ಕೊಟ್ಟು ಕರೆಯುವ ಎಚ್ಚರಿಕೆಗಳು ವಂಚಕರವು. ಬ್ರೌಸರ್ ಮುಚ್ಚಿದರೆ, ಮುಚ್ಚದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿದರೆ, ಅದು ಮಾಯವಾಗುತ್ತದೆ.

ಆ್ಯಂಟಿವೈರಸ್ ಇರಲೇಬೇಕು. ವಿಂಡೋಸ್ 8ರಿಂದ ಈಚೆಗೆ ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ಜೊತೆಯಲ್ಲೇ ಬರುತ್ತದೆ. ಬೇರೊಂದನ್ನು ಕೊಂಡರೆ ಒಂದೇ ಇರಲಿ, ಎರಡು ಸೇರಿದರೆ ಒಂದಕ್ಕೊಂದು ಅಡ್ಡಬರುತ್ತವೆ. ಗೊತ್ತಿರುವ ಕುತಂತ್ರಾಂಶಗಳ ಗುರುತು ಮತ್ತು ಅನುಮಾನದ ವರ್ತನೆ, ಇವೆರಡರಿಂದ ಅದು ಪತ್ತೆ ಮಾಡುತ್ತದೆ. ನಿನ್ನೆ ಹುಟ್ಟಿದ್ದು ಅದರಿಂದ ತಪ್ಪಿಸಿಕೊಳ್ಳಬಹುದು. ಆ ಕೊರತೆಯನ್ನು ಸ್ವಲ್ಪ ತುಂಬುವ ಉಪಾಯ, ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಖಾತೆ ಬಿಟ್ಟು ಸಾಮಾನ್ಯ ಖಾತೆ ಬಳಸುವುದು. ಮಕ್ಕಳು ಇಳಿಸಿಕೊಂಡ ಆಟವೊಂದನ್ನು ಕಂಪ್ಯೂಟರಿಗೆ ಹಾಕಲು ಹೊರಟರೆ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಎದ್ದುನಿಲ್ಲುತ್ತದೆ.

ಪಾಸ್‌ವರ್ಡಿನ ಬಲ ಅದರ ಉದ್ದದಲ್ಲಿದೆ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳನ್ನು ಸುಮಾರು 20,900 ಕೋಟಿ ಬಗೆಯಲ್ಲಿ ಜೋಡಿಸಬಹುದು. ದೊಡ್ಡ ಸಂಖ್ಯೆಯೇ, ಆದರೆ ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವು ನಿಮಿಷದ ಕೆಲಸ. ಒಂದೊಂದು ಅಕ್ಷರ ಹೆಚ್ಚಿದಂತೆಲ್ಲ ಕೆಲಸ 26 ಪಟ್ಟಾಗುತ್ತದೆ. ಹುಣಸೆ, ಸೈಕಲ್, ತಗಡು, ಜಾತ್ರೆ ಎಂಬಂತೆ ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಕೋದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ ಕೈಬಿಟ್ಟಿತು. ಒತ್ತಾಯಕ್ಕೆ ಬದಲಿಸುವವರು ಕೊನೆಯ ಅಂಕಿಯೊಂದನ್ನೇ ಬದಲಿಸುತ್ತಾರೆ. ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸುವುದು ಅದಕ್ಕಿಂತ ದೊಡ್ಡ ಅಪಾಯ, ಏಕೆಂದರೆ ಒಂದು ಕಡೆ ಸೋರಿದ್ದನ್ನು ಕಳ್ಳರು ಇಮೇಲಿಗೂ ಬ್ಯಾಂಕಿಗೂ ಹಾಕಿ ನೋಡುತ್ತಾರೆ. ಇಮೇಲ್ ಖಾತೆಗಂತೂ ಎರಡನೆಯ ಹಂತದ ಪರಿಶೀಲನೆ ಇರಲೇಬೇಕು. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಸಂದೇಶಗಳು ಬರುವುದು ಅಲ್ಲಿಗೇ.

ರ್‍ಯಾನ್ಸಮ್‌ವೇರ್ ಬಂದ ಮೇಲೆ ಕೈಹಿಡಿಯುವುದು ಮುಖ್ಯವಾಗಿ ಬ್ಯಾಕಪ್. ಬ್ಯಾಕಪ್ ಇರುವ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಸದಾ ಚುಚ್ಚಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ವಾರಕ್ಕೊಮ್ಮೆ ಜೋಡಿಸಿ, ನಕಲು ಮಾಡಿ, ಬಿಡಿಸಿ ಬೀರುವಿನಲ್ಲಿಡಬೇಕು. ಹಣ ಕೊಟ್ಟರೂ ಫೈಲು ಮರಳಿ ಬರುತ್ತದೆಂಬ ಖಾತರಿಯಿಲ್ಲ. 2016ರಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ಯೋಜನೆಯಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳು ಸಿಗುತ್ತವೆ.

ಕಂಪ್ಯೂಟರ್ ಸೋಂಕಿಗೆ ಸಿಕ್ಕಿದೆ ಎಂದು ಅನುಮಾನ ಬಂದ ಕೂಡಲೇ ಇಂಟರ್‌ನೆಟ್ ಸಂಪರ್ಕ ಕಡಿಯಬೇಕು. ಪಾಸ್‌ವರ್ಡುಗಳನ್ನು ಸೋಂಕಿಲ್ಲದ ಇನ್ನೊಂದು ಸಾಧನದಿಂದ ಬದಲಿಸಬೇಕು. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಬೇಕು, ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಲು ಆಗ ಮಾತ್ರ ಅವಕಾಶವಿರುತ್ತದೆ. ಭಾರತ ಸರ್ಕಾರದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ ಬಾಟ್‌ಗಳನ್ನು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಅದರಿಂದಲೂ ನಂಬಿಕೆ ಬಾರದಿದ್ದರೆ ಡಿಸ್ಕನ್ನು ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಬೇಕು. ಬ್ಯಾಕಪ್‌ನಿಂದ ಪತ್ರಗಳನ್ನೂ ಫೋಟೊಗಳನ್ನೂ ಸ್ಕ್ಯಾನ್ ಮಾಡಿ ಹಿಂದಕ್ಕೆ ತರಬಹುದು, ಪ್ರೋಗ್ರಾಂಗಳನ್ನು ಮಾತ್ರ ತಯಾರಕರ ತಾಣದಿಂದ ಮತ್ತೆ ಇಳಿಸಿಕೊಳ್ಳಬೇಕು.